ಒಂದೇ ತೊಟ್ಟಿಯಲ್ಲಿ ಹಲವು ಜಾತಿಯ ಮೀನು: ನಿಮ್ಮ ಮನೆಯ ನೀರಿನಿಂದ ಶುರುಮಾಡಿ

ಅಂಗಡಿಯ ಗಾಜಿನ ತೊಟ್ಟಿಗಳ ಮುಂದೆ ನಿಂತರೆ ಎಲ್ಲವೂ ಬೇಕು ಅನಿಸುತ್ತದೆ. ನಾಲ್ಕು ಗಪ್ಪಿ, ಎರಡು ಏಂಜೆಲ್, ಒಂದು ಫೈಟರ್, ಪಾಚಿ ತಿನ್ನಲಿ ಅಂತ ಒಂದು ಸಕರ್. ನಾನು ಮೊದಲ ಸಲ ತಂದಿದ್ದು ಎರಡು ಏಂಜೆಲ್ ಮತ್ತು ನಾಲ್ಕು ಟೈಗರ್ ಬಾರ್ಬ್. "ಎಲ್ಲಾ ಒಟ್ಟಿಗೆ ಇರ್ತವೆ, ಏನೂ ಆಗಲ್ಲ" ಅಂತ ಅಂಗಡಿಯವರು ಅಂದಿದ್ದರು. ಏಂಜೆಲ್ ಮೀನಿನ ಹೊಟ್ಟೆಯ ಕೆಳಗೆ ದಾರದ ಹಾಗೆ ಎರಡು ಉದ್ದನೆಯ ರೆಕ್ಕೆ ಇರುತ್ತವೆ, ನೋಡಿರಬಹುದು. ನಾಲ್ಕನೇ ದಿನಕ್ಕೆ ಆ ದಾರಗಳು ಅರ್ಧ ಇಂಚಿನ ಮೋಟು ಆಗಿದ್ದವು. ಒಂದು ಏಂಜೆಲ್ ಫಿಲ್ಟರ್ ಪೈಪಿನ ಹಿಂದೆ ತಲೆ ತಗ್ಗಿಸಿ ನಿಂತಿತ್ತು. ಊಟ ಹಾಕಿದರೆ ಅರ್ಧ ದಾರಿ ಬಂದು, ಬಾರ್ಬ್‌ಗಳನ್ನು ನೋಡಿ ವಾಪಸ್ ಹೋಗುತ್ತಿತ್ತು. ಎರಡನೇ ವಾರ ಅದು ಸತ್ತುಹೋಯಿತು.

ಬಾರ್ಬ್‌ಗಳದು ತಪ್ಪೇನೂ ಇರಲಿಲ್ಲ. ಅವು ಗುಂಪಿನಲ್ಲಿ ಬಾಳುವ ಮೀನು. ಎಂಟು-ಹತ್ತು ಇದ್ದರೆ ತಮ್ಮತಮ್ಮಲ್ಲೇ ಅಟ್ಟಿಸಿಕೊಂಡು, ಮೇಲು-ಕೀಳು ತೀರ್ಮಾನ ಮಾಡಿಕೊಂಡು ಇರುತ್ತವೆ. ನಾಲ್ಕೇ ಇದ್ದಾಗ ಆ ಚಟುವಟಿಕೆಯೆಲ್ಲ ಪಕ್ಕದ ಮೀನಿನ ಮೇಲೆ ತಿರುಗುತ್ತದೆ. ಎದುರಿಗೆ ಉದ್ದ ರೆಕ್ಕೆಯ, ನಿಧಾನವಾಗಿ ಓಡಾಡುವ ಏಂಜೆಲ್ ಇದ್ದರೆ ಇನ್ನೇನಾಗುತ್ತದೆ?

ಅಂದಿನಿಂದ ನಾನು ಪಾಲಿಸುವ ಕ್ರಮ ಒಂದೇ. ಮೊದಲು ನೀರು, ಆಮೇಲೆ ತೊಟ್ಟಿ, ಆಮೇಲೆ ಕಾಗದದ ಮೇಲೆ ಮೀನು, ಎಲ್ಲ ಆದಮೇಲೆ ಅಂಗಡಿ. ನಾವು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತೇವೆ.

1. ನಿಮ್ಮ ನೀರು ಎಂಥದ್ದು?

ಪಾತ್ರೆಯ ತಳದಲ್ಲಿ, ಬಚ್ಚಲಿನ ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆಯೇ? ಸೋಪಿಗೆ ಬೇಗ ನೊರೆ ಬರುವುದಿಲ್ಲವೇ? ಹಾಗಾದರೆ ಅದು ಗಡಸು ನೀರು. ನಮ್ಮಲ್ಲಿ ಬೋರ್‌ವೆಲ್ ನೀರು ಬಹಳಷ್ಟು ಕಡೆ ಹೀಗೇ ಇರುತ್ತದೆ. ಅದರ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅಂತ ಹೇಳುವ ಅಳತೆ, 7 ಅಂದರೆ ನಡುವಿನದು) ಕೂಡ ಸಾಮಾನ್ಯವಾಗಿ 7ಕ್ಕಿಂತ ಮೇಲಿರುತ್ತದೆ. ನದಿ ನೀರು, ಮಳೆ ನೀರು ಇದಕ್ಕಿಂತ ಮೆದು.

ಬರೀ ಅಂದಾಜು ಸಾಲದು. ಅಕ್ವೇರಿಯಂ ಅಂಗಡಿಗಳಲ್ಲಿ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ಪಿಎಚ್ ಮತ್ತು ಗಡಸುತನ, ಈ ಎರಡನ್ನೂ ನೋಡಿ ಬರೆದಿಟ್ಟುಕೊಳ್ಳಿ. ಗಡಸುತನ 8 ಡಿಗ್ರಿಯೊಳಗೆ (ಇದು ಬಿಸಿಯ ಡಿಗ್ರಿ ಅಲ್ಲ, dGH ಅನ್ನುವ ಗಡಸುತನದ ಅಳತೆ) ಇದ್ದರೆ ಮೆದು ನೀರು, 12 ದಾಟಿದರೆ ಗಡಸು ಅಂತ ಇಟ್ಟುಕೊಳ್ಳಬಹುದು. ಮನೆಯಲ್ಲಿ ಟಿಡಿಎಸ್ ಮೀಟರ್ ಇದ್ದರೆ ಅದು ಒಂದು ಸುಳಿವು ಅಷ್ಟೇ. ನೀರಿನಲ್ಲಿ ಕರಗಿರುವುದು ಎಷ್ಟು ಅಂತ ಅದು ಹೇಳುತ್ತದೆ, ಏನು ಅಂತ ಹೇಳುವುದಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಹಲವು ಕಟ್ಟಡಗಳಲ್ಲಿ ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟ್‌ನರ್ ಇರುತ್ತದೆ. ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸೋಪಿಗೆ ನೊರೆ ಬರುತ್ತದೆ, ಆದರೆ ಮೆದು ನೀರಿನ ಮೀನಿಗೆ ಬೇಕಾದ ನೀರು ಅದಲ್ಲ. ಸಾಧ್ಯವಾದರೆ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರನ್ನೇ ಹಿಡಿಯಿರಿ. ಆರ್‌ಓ ನೀರನ್ನು ಹಾಗೇ ತುಂಬಿಸುವುದೂ ಬೇಡ. ಅದರಲ್ಲಿ ಖನಿಜಾಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪಿಎಚ್ ಹಿಡಿದಿಡಲು ಏನೂ ಇಲ್ಲದೆ ಒಂದು ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ. ಬೇಕಿದ್ದರೆ ನಲ್ಲಿ ನೀರಿಗೆ ಅಳತೆಯಲ್ಲಿ ಬೆರೆಸಿ, ಪ್ರತಿ ಸಲವೂ ಅದೇ ಅಳತೆ ಇರಲಿ.

ಪಿಎಚ್ ಇಳಿಸುವ ಬಾಟಲಿ ತಂದು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಗಡಸು ನೀರಿನಲ್ಲಿ ಇಳಿದ ಪಿಎಚ್ ಮತ್ತೆ ಏರುತ್ತದೆ. ಈ ಏರಿಳಿತ ಮೀನಿಗೆ 8ರ ಪಿಎಚ್‌ಗಿಂತ ಜಾಸ್ತಿ ತೊಂದರೆ ಕೊಡುತ್ತದೆ. ನೀರನ್ನು ಬದಲಿಸಲು ಹೋಗಬೇಡಿ, ಆ ನೀರಿಗೆ ಹೊಂದುವ ಮೀನನ್ನು ಆರಿಸಿ. ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

2. ತೊಟ್ಟಿ

ಹಲವು ಜಾತಿ ಸಾಕಬೇಕಾದರೆ 2 ಅಡಿಯ ತೊಟ್ಟಿ ಇಕ್ಕಟ್ಟು. 2×1×1 ಅಡಿಯಲ್ಲಿ ಹಿಡಿಯುವುದು 56 ಲೀಟರ್ ಅಷ್ಟೇ. ನಾನು ಹೇಳುವುದು 3 ಅಡಿ ಉದ್ದ, 1.25 ಅಡಿ ಅಗಲ, 1.5 ಅಡಿ ಎತ್ತರದ್ದು. ಪೂರ್ತಿ ತುಂಬಿದರೆ ಸುಮಾರು 159 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 130 ಲೀಟರ್ ಉಳಿಯುತ್ತದೆ. ಗಾಜು, ಮರಳು ಸೇರಿ 200 ಕಿಲೋ ಹತ್ತಿರ ಬರುವುದರಿಂದ ಟಿವಿ ಸ್ಟ್ಯಾಂಡ್ ಮೇಲೆ ಇಡಬೇಡಿ. ಬಿಸಿಲು ನೇರ ಬೀಳುವ ಕಿಟಕಿ ಪಕ್ಕವೂ ಬೇಡ.

ಎತ್ತರಕ್ಕಿಂತ ಉದ್ದ, ಅಗಲ ಮುಖ್ಯ. ಮೀನುಗಳು ಒಂದರಿಂದ ಒಂದು ದೂರ ಸರಿಯುವುದು ಅಡ್ಡಕ್ಕೆ. ತಳಕ್ಕೆ ನುಣುಪಾದ ಮರಳು ಹಾಕಿ. ಕೋರಿಡೋರಸ್‌ನಂಥ ತಳದ ಮೀನುಗಳು ಮೂತಿಯಿಂದ ಮರಳು ಕೆದಕಿ ತಿನ್ನುತ್ತವೆ. ಚೂಪಾದ ಬಣ್ಣದ ಕಲ್ಲು ಹಾಕಿದರೆ ಅವುಗಳ ಮೀಸೆ ಸವೆದು ಹೋಗುತ್ತದೆ. ಗಿಡ, ಮರದ ಬೇರು, ಹೊಳೆ ಕಲ್ಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿ ಪೂರ್ತಿ ಕಾಣದ ಹಾಗೆ ಜೋಡಿಸಿ. ಕಣ್ಣಿಗೆ ಮರೆಯಾದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿನ ಡಿಸೆಂಬರ್ ರಾತ್ರಿಗೆ 100ರಿಂದ 150 ವಾಟ್‌ನ ಹೀಟರ್ ಸಾಕು. ಕಲಬುರಗಿ, ರಾಯಚೂರಿನ ಕಡೆಯವರಿಗೆ ಬೇಸಿಗೆಯೇ ದೊಡ್ಡ ತಲೆನೋವು. ಮುಚ್ಚಳದ ಬದಲು ಬಲೆ ಹಾಕಿ ನೀರಿನ ಮೇಲೆ ಗಾಳಿ ಆಡುವ ಹಾಗೆ ಚಿಕ್ಕ ಫ್ಯಾನ್ ಇಟ್ಟರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ.

3. ಕಾಗದದ ಮೇಲೆ ಸಂಸಾರ ಹೂಡಿ

ಒಂದು ಹಾಳೆ ತೆಗೆದುಕೊಳ್ಳಿ. ಮೇಲೆ, ನಡುವೆ, ತಳ ಅಂತ ಮೂರು ಗೆರೆ ಎಳೆಯಿರಿ. ಮೀನುಗಳು ತೊಟ್ಟಿಯಲ್ಲಿ ಇರುವುದೂ ಹೀಗೇ. ಡೇನಿಯೋ ಮೇಲುಗಡೆ ಓಡಾಡುತ್ತದೆ, ಟೆಟ್ರಾ, ಬಾರ್ಬ್, ರಾಸ್ಬೋರಾ ನಡುವಿನವು, ಕೋರಿಡೋರಸ್, ಲೋಚ್ ತಳದವು. ಎಲ್ಲವೂ ನಡುವಿನವೇ ಆದರೆ ತೊಟ್ಟಿ ದೊಡ್ಡದಿದ್ದರೂ ಸಂತೆ ಆಗುತ್ತದೆ.

ಈಗ ಪ್ರತಿ ಮೀನಿಗೂ ಮೂರು ಪ್ರಶ್ನೆ ಕೇಳಿ.

ಮೊದಲನೆಯದು, ನೀರು ಮತ್ತು ಬಿಸಿ. ಗಪ್ಪಿ, ಪ್ಲಾಟಿ, ಮೊಲ್ಲಿ, ಸ್ವೋರ್ಡ್‌ಟೇಲ್‌ನಂಥ ಮರಿ ಹಾಕುವ ಮೀನುಗಳಿಗೆ ಗಡಸು ನೀರೇ ಇಷ್ಟ. ಅಮೆಜಾನ್‌ನ ನಿಯಾನ್ ಟೆಟ್ರಾಗೆ ಮೆದು ನೀರು ಬೇಕು. ಗೋಲ್ಡ್‌ಫಿಶ್‌ಗೆ 18ರಿಂದ 22 ಡಿಗ್ರಿಯ ತಂಪು ಹಿತ, ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೇಕು. ಗೋಲ್ಡ್‌ಫಿಶ್ ಗಲೀಜೂ ಜಾಸ್ತಿ ಮಾಡುತ್ತದೆ. ಅದು ಸಾಧು ಮೀನು, ಆದರೂ ಈ ತೊಟ್ಟಿಗೆ ಸೇರಿದ್ದಲ್ಲ. ಗೋಲ್ಡ್‌ಫಿಶ್ ಬೇಕಾದರೆ ಗೋಲ್ಡ್‌ಫಿಶ್ ಮಾತ್ರ ಸಾಕಿ.

ಎರಡನೆಯದು, ಬಾಯಿ. ಒಂದು ಮೀನಿನ ಬಾಯೊಳಗೆ ಇನ್ನೊಂದು ಹಿಡಿಸುವಂತಿದ್ದರೆ, ಇವತ್ತಲ್ಲ ನಾಳೆ ಹೋಗುತ್ತದೆ. ಅಂಗಡಿಯಲ್ಲಿ ರೂಪಾಯಿ ನಾಣ್ಯದಷ್ಟಿರುವ ಏಂಜೆಲ್, ನಿಯಾನ್ ಜೊತೆ ಚೆನ್ನಾಗಿಯೇ ಇರುತ್ತದೆ. ಎಂಟು ತಿಂಗಳು ಕಳೆದು ಅಂಗೈ ಅಗಲ ಆದಮೇಲೆ ಬೆಳಗ್ಗೆ ಎದ್ದು ನೋಡಿದರೆ ಹತ್ತು ನಿಯಾನ್ ಇದ್ದದ್ದು ಏಳಾಗಿರುತ್ತದೆ. ಹಾಗಾಗಿ ಅಂಗಡಿಯ ಅಳತೆ ನೋಡಬೇಡಿ, ಪೂರ್ತಿ ಬೆಳೆದ ಅಳತೆ ಬರೆಯಿರಿ. ಟೈಗರ್ ಶಾರ್ಕ್, ಬೇಬಿ ಶಾರ್ಕ್ ಅಂತೆಲ್ಲ ಮಾರುವ ಬೆಳ್ಳಿ ಬಣ್ಣದ ಮೀನು ನಿಜಕ್ಕೂ ಪಂಗಾಸಿಯಸ್ ಜಾತಿಯದು. ನದಿಯಲ್ಲಿ ಅದು ಒಂದು ಮೀಟರ್ ದಾಟುತ್ತದೆ. ಪಾಚಿ ತಿನ್ನಲು ತರುವ ಸಕರ್ ಒಂದರಿಂದ ಒಂದೂವರೆ ಅಡಿ ಬೆಳೆಯುತ್ತದೆ. ದೊಡ್ಡದಾದ ಮೇಲೆ ಪಾಚಿ ಬಿಟ್ಟು ರಾತ್ರಿ ಹೊತ್ತು ಏಂಜೆಲ್, ಗೋಲ್ಡ್‌ಫಿಶ್‌ನಂಥ ನಿಧಾನದ ಮೀನುಗಳ ಮೈ ಹೀರಲು ಶುರುಮಾಡಬಹುದು. ಆಸ್ಕರ್ 30 ಸೆಂಟಿಮೀಟರ್ ಆಗುತ್ತದೆ. ಫ್ಲವರ್‌ಹಾರ್ನ್ ಅಂತೂ ಒಂಟಿ ಮೀನು, ಅದಕ್ಕೆ ಜೊತೆ ಹುಡುಕಬೇಡಿ.

ಮೂರನೆಯದು, ಗುಣ. ಗುಂಪಿನ ಮೀನೋ, ಒಂಟಿಯೋ, ಜಾಗ ಕಾಯುವುದೋ? ಟೆಟ್ರಾ, ಬಾರ್ಬ್, ರಾಸ್ಬೋರಾ, ಕೋರಿಡೋರಸ್ ಆರಕ್ಕಿಂತ ಕಡಿಮೆ ಇರಬಾರದು. "ಒಂದೊಂದು ಜಾತಿಯದು ಎರಡೆರಡು" ಅಂತ ತರುವ ಅಭ್ಯಾಸ ಬಹಳ ಜನರಿಗಿದೆ. ಅದರಿಂದ ಎಲ್ಲಾ ಮೀನೂ ಹೆದರಿಕೊಂಡೇ ಬದುಕುತ್ತವೆ. ಜಾತಿ ಕಡಿಮೆ ಮಾಡಿ, ಗುಂಪು ದೊಡ್ಡದು ಮಾಡಿ. ನೋಡಲೂ ಅದೇ ಚೆಂದ. ಫೈಟರ್ ಗಂಡು ಇನ್ನೊಂದು ಗಂಡು ಫೈಟರನ್ನು ಸಹಿಸುವುದಿಲ್ಲ. ದೊಡ್ಡ ಬಾಲದ ಗಂಡು ಗಪ್ಪಿಯನ್ನು ಕಂಡರೂ ತನ್ನ ಎದುರಾಳಿ ಅಂತಲೇ ತಿಳಿಯಬಹುದು. ಗಪ್ಪಿ, ಪ್ಲಾಟಿಗಳಲ್ಲಿ ಒಂದು ಗಂಡಿಗೆ ಎರಡು-ಮೂರು ಹೆಣ್ಣು ಇರಲಿ. ಇಲ್ಲದಿದ್ದರೆ ಇರುವ ಒಂದು ಹೆಣ್ಣನ್ನು ಗಂಡುಗಳು ಅಟ್ಟಾಡಿಸಿಯೇ ದಣಿಸಿಬಿಡುತ್ತವೆ.

ಹಾಗಾದರೆ ಈ 130 ಲೀಟರ್‌ಗೆ ಏನು ಹಾಕಬಹುದು? ಬೋರ್‌ವೆಲ್ ನೀರಾದರೆ ನನ್ನ ಆಯ್ಕೆ ಹೀಗಿದೆ: ಮೇಲಕ್ಕೆ ಎಂಟು ಜೀಬ್ರಾ ಡೇನಿಯೋ, ನಡುವೆ ಎರಡು ಗಂಡು, ನಾಲ್ಕು ಹೆಣ್ಣು ಪ್ಲಾಟಿ, ತಳಕ್ಕೆ ಆರು ಬ್ರಾಂಜ್ ಕೋರಿಡೋರಸ್. ಡೇನಿಯೋ ನಮ್ಮ ಉಪಖಂಡದ್ದೇ ಮೀನು, ಗಟ್ಟಿ ಜೀವ. ಪ್ಲಾಟಿ ಮರಿಗಳು ಹುಟ್ಟುತ್ತಲೇ ಇರುತ್ತವೆ, ಹೆಚ್ಚಿನವು ದೊಡ್ಡ ಮೀನಿನ ಬಾಯಿಗೆ ಹೋಗುತ್ತವೆ. ಕೆಲವಾದರೂ ಉಳಿಯಲಿ ಅಂದರೆ ಒಂದು ಮೂಲೆಯಲ್ಲಿ ಮಾಸ್ ಅನ್ನುವ ಪಾಚಿಗಿಡ ಒತ್ತಾಗಿ ಬೆಳೆಸಿ. ಮೆದು ನೀರಾದರೆ ಹತ್ತು ಹಾರ್ಲಿಕ್ವಿನ್ ರಾಸ್ಬೋರಾ, ಶ್ರೀಲಂಕಾದ ಆರು ಚೆರ್ರಿ ಬಾರ್ಬ್, ಆರು ಕೋರಿಡೋರಸ್, ಒಂದು ಜೋಡಿ ಹನಿ ಗೌರಾಮಿ. ಈ ನಾಲ್ಕಕ್ಕೂ 25 ಡಿಗ್ರಿ ಹೊಂದುತ್ತದೆ. ಯಾವುದರ ಬಾಯಿಗೂ ಇನ್ನೊಂದು ಹಿಡಿಸುವುದಿಲ್ಲ. ಗೌರಾಮಿಯ ದಾರದಂಥ ರೆಕ್ಕೆಯನ್ನು ಕಚ್ಚುವವರೂ ಇಲ್ಲ.

ಏಂಜೆಲ್ ಬೇಕೇಬೇಕು ಅನ್ನುವವರು ತೊಟ್ಟಿಯ ಎತ್ತರ 1.5 ಅಡಿಗಿಂತ ಕಡಿಮೆ ಮಾಡಬೇಡಿ. ಜೊತೆಗೆ ನಿಯಾನ್ ಬದಲು ಮೈತುಂಬಿದ ಬ್ಲ್ಯಾಕ್ ಸ್ಕರ್ಟ್ ಟೆಟ್ರಾ ಅಂತ ಕೆಲವರು ಹೇಳುತ್ತಾರೆ. ಅದೂ ರೆಕ್ಕೆ ಕಚ್ಚುವ ಮೀನೇ, ಬೇಡ. ದೊಡ್ಡದಾಗಿ ಬೆಳೆದ ಲೆಮನ್ ಟೆಟ್ರಾ ಗುಂಪು ವಾಸಿ.

ಇಲ್ಲಿ ನಮ್ಮ ಹೊಳೆಯ ಒಂದು ಮೀನಿನ ಬಗ್ಗೆ ಹೇಳಲೇಬೇಕು. ಅಂಗಡಿಗಳಲ್ಲಿ ಜೀಬ್ರಾ ಲೋಚ್ ಅಂತ ಸಿಗುತ್ತದೆ. ಬೆರಳುದ್ದದ ಮೈ ತುಂಬ ಹತ್ತಿರ ಹತ್ತಿರ ಎಳೆದ ಅಡ್ಡ ಗೆರೆಗಳು, ಬಾಯಿಯ ಬಳಿ ಪುಟ್ಟ ಮೀಸೆ. ಬಸವನಹುಳು ಕಂಡರೆ ಚಿಪ್ಪಿನೊಳಗೆ ಮೂತಿ ತೂರಿಸಿ ಹೀರುತ್ತದೆ. ಇದನ್ನು 1920ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್. ಮೀನು ಸಿಕ್ಕಿದ್ದು ನಮ್ಮ ತುಂಗೆಯಲ್ಲಿ. ಹಲವು ಜಾತಿಯ ತೊಟ್ಟಿಗೆ ಇದು ಬಹಳ ಒಳ್ಳೆಯ ಮೀನು. ಆದರೆ ಇದು ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ಇದೆ, ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಮಿಸ್ ಕೇರಳ ಅಂತ ಕರೆಯುವ ಕೆಂಪು ಗೆರೆಯ ಡೆನಿಸನ್ ಬಾರ್ಬ್ ಕೂಡ ಅದೇ ಪಟ್ಟಿಯಲ್ಲಿದೆ. ತೊಟ್ಟಿಯಲ್ಲೇ ಮರಿ ಮಾಡಿಸಿದ್ದು ಅಂತ ಖಾತ್ರಿಯಾದರೆ ತನ್ನಿ. ಹೊಳೆಯಿಂದ ಹಿಡಿದದ್ದಾದರೆ ಬಿಟ್ಟುಬಿಡಿ. ಡೆನಿಸನ್ ಬಾರ್ಬ್‌ಗೆ ಹೇಗೂ 4 ಅಡಿಗಿಂತ ಚಿಕ್ಕ ತೊಟ್ಟಿ ಸಾಲದು.

4. ಮೀನಿಗೆ ಮುಂಚೆ ಬ್ಯಾಕ್ಟೀರಿಯಾ

ತೊಟ್ಟಿ ತುಂಬಿಸಿ ಮರುದಿನವೇ ಮೀನು ಬಿಟ್ಟರೆ ಹತ್ತು ದಿನದಲ್ಲಿ ಒಂದೊಂದೇ ಸಾಯುತ್ತವೆ. ನೀರು ತಿಳಿಯಾಗಿಯೇ ಕಾಣುತ್ತದೆ, ಆದರೆ ಅದರಲ್ಲಿ ಅಮೋನಿಯಾ ಏರಿರುತ್ತದೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಊಟದಿಂದ ಬರುವುದು ಅದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾ ಜಾಸ್ತಿ ಸುಡುತ್ತದೆ. ಬೋರ್‌ವೆಲ್ ನೀರಿನವರು ಈ ಹಂತವನ್ನು ಹಾರಿಸಲೇಬಾರದು.

ಮಾಡುವುದು ಹೀಗೆ. ನೀರು ತುಂಬಿಸಿ, ಕ್ಲೋರಿನ್ ತೆಗೆಯುವ ಹನಿ ಹಾಕಿ, ಫಿಲ್ಟರ್ ಹಗಲೂ ರಾತ್ರಿ ಓಡಿಸಿ. ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕಿ ಕೊಳೆಯಲು ಬಿಡಿ. ಎರಡು ದಿನಕ್ಕೊಮ್ಮೆ ಟೆಸ್ಟ್ ಮಾಡಿ. ಮೊದಲು ಅಮೋನಿಯಾ ಏರುತ್ತದೆ, ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಇಳಿಯುತ್ತದೆ. ಊಟ ಹಾಕುತ್ತಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ದಿನ ತೊಟ್ಟಿ ಸಿದ್ಧ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೀನು ಸಾಕುವ ಗೆಳೆಯರಿದ್ದರೆ ಅವರ ಹಳೆಯ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮ ಫಿಲ್ಟರಿನಲ್ಲಿಡಿ. ಒದ್ದೆಯಾಗಿಯೇ ತರಬೇಕು, ದಾರಿಯಲ್ಲಿ ಒಣಗಬಾರದು. ಮನೆಗೆ ಮೊಸರಿನ ಹೆಪ್ಪು ತಂದ ಹಾಗೆ, ಕೆಲಸ ಬೇಗ ಆಗುತ್ತದೆ.

5. ಮೀನು ತರುವ ಕ್ರಮ

ಎಲ್ಲವನ್ನೂ ಒಂದೇ ದಿನ ತರಬೇಡಿ. ಮೊದಲು ಗುಂಪಿನ ಸಾಧು ಮೀನು, ಎರಡು ವಾರ ಬಿಟ್ಟು ತಳದವು, ಜಾಗ ಕಾಯುವ ಗುಣದವು ಕೊನೆಗೆ. ಗೌರಾಮಿಯನ್ನು ಮೊದಲೇ ಬಿಟ್ಟರೆ ಇಡೀ ತೊಟ್ಟಿ ತನ್ನದು ಅಂದುಕೊಳ್ಳುತ್ತದೆ. ಕೊನೆಗೆ ಬಂದರೆ ಅದೇ ಹೊಂದಿಕೊಳ್ಳುತ್ತದೆ.

ಅಂಗಡಿಯಲ್ಲಿ ಐದು ನಿಮಿಷ ಸುಮ್ನೆ ನಿಂತು ನೋಡಿ. ರೆಕ್ಕೆ ಮಡಚಿಕೊಂಡಿರುವುದು, ಕಲ್ಲಿಗೆ ಮೈ ಉಜ್ಜುವುದು, ಹೊಟ್ಟೆ ಒಳಗೆ ಹೋಗಿರುವುದು, ಇಂಥ ಒಂದು ಮೀನು ಇದ್ದರೂ ಆ ತೊಟ್ಟಿಯ ಯಾವ ಮೀನೂ ಬೇಡ. ಊಟ ಹಾಕಿ ತೋರಿಸಿ ಅಂತ ಕೇಳಿ.

ಮನೆಗೆ ತಂದ ಮೀನನ್ನು ಎರಡು-ಮೂರು ವಾರ ಬೇರೆ ಇಡಿ. 30 ಲೀಟರ್‌ನ ಪ್ಲಾಸ್ಟಿಕ್ ಡಬ್ಬಿ, ಒಂದು ಸ್ಪಂಜ್ ಫಿಲ್ಟರ್, ಮೇಲೊಂದು ಬಲೆ ಸಾಕು. ಮೈಮೇಲೆ ರವೆ ಉದುರಿದ ಹಾಗೆ ಬಿಳಿ ಚುಕ್ಕೆ ಬರುವ ರೋಗ ಇಲ್ಲಿಯೇ ಹೊರಗೆ ಬೀಳುತ್ತದೆ. ಅದರ ಔಷಧಿ ಪರೋಪಜೀವಿ ನೀರಿನಲ್ಲಿ ಈಜುವ ಹಂತದಲ್ಲಿ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಚುಕ್ಕೆ ಉದುರಿತು ಅಂತ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಪೂರ್ತಿ ಹಾಕಿ.

ಡಬ್ಬಿಗಾಗಲಿ ತೊಟ್ಟಿಗಾಗಲಿ ಬಿಡುವಾಗ ಮೀನಿರುವ ಕವರನ್ನು 15-20 ನಿಮಿಷ ನೀರಿನ ಮೇಲೆ ತೇಲಿಸಿ. ಆಮೇಲೆ ಐದು ನಿಮಿಷಕ್ಕೊಮ್ಮೆ ಒಂದು ಲೋಟ ನಮ್ಮ ನೀರು ಸೇರಿಸುತ್ತಾ ಅರ್ಧ ಗಂಟೆ ಕಳೆಯಿರಿ. ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡಿ. ಕವರಿನ ನೀರು ತೊಟ್ಟಿಗೆ ಬೀಳಬಾರದು. ಆ ರಾತ್ರಿ ಲೈಟ್ ಹಾಕಬೇಡಿ.

6. ಜಗಳ ಗುರುತಿಸುವುದು

ಮೊದಲ ಎರಡು ದಿನದ ಅಟ್ಟಾಟ ಸಹಜ. ಮೂರನೇ ದಿನದಿಂದ ನೋಡಬೇಕಾದ್ದು ಅಟ್ಟಿಸುವ ಮೀನನ್ನಲ್ಲ, ಅಟ್ಟಿಸಿಕೊಳ್ಳುವುದನ್ನು. ಅದು ಊಟಕ್ಕೆ ಬರುತ್ತದೆಯೇ? ನೀರಿನ ಮೇಲ್ಮೈ ಮೂಲೆಯಲ್ಲಿ, ಹೀಟರ್ ಹಿಂದೆ ನಿಂತೇ ಇರುತ್ತದೆಯೇ? ರೆಕ್ಕೆಯ ಅಂಚು ಹರಿದಿದೆಯೇ, ಬಣ್ಣ ಮಂಕಾಗಿದೆಯೇ? ಹೌದಾದರೆ ಕಾಯಬೇಡಿ. ಕಲ್ಲು, ಗಿಡಗಳ ಜಾಗವನ್ನೆಲ್ಲ ಅದಲುಬದಲು ಮಾಡಿ. ಎಲ್ಲರಿಗೂ ಮನೆ ಹೊಸದಾದಾಗ ಹಳೆಯ ಗಡಿ ಮರೆಯುತ್ತವೆ. ಗುಂಪು ಚಿಕ್ಕದಿದ್ದರೆ, ಜಾಗ ಇದ್ದರೆ ಇನ್ನೂ ಮೂರು-ನಾಲ್ಕು ಸೇರಿಸಿ. ಎರಡಕ್ಕೂ ಬಗ್ಗದಿದ್ದರೆ ಒಂದನ್ನು ಹೊರಗೆ ತೆಗೆಯಲೇಬೇಕು.

ತೆಗೆದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಗೆಳೆಯರಿಗೆ ಕೊಡಿ. ಪಾಪ ಬದುಕಿಕೊಳ್ಳಲಿ ಅಂತ ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಬಿಟ್ಟ ಸಕರ್ ಮೀನು ಇವತ್ತು ಭಾರತದ ಹಲವು ರಾಜ್ಯಗಳ ಕೆರೆ-ನದಿಗಳಲ್ಲಿ ತುಂಬಿಕೊಂಡು, ಅಲ್ಲಿನ ಮೀನುಗಳ ಜಾಗ ಹಿಡಿದು, ಮೀನುಗಾರರ ಬಲೆ ಹರಿಯುತ್ತಿದೆ.

7. ವಾರದ ಕೆಲಸ, ಕರೆಂಟ್, ಊರಿಗೆ ಹೋಗುವುದು

ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಮಹಡಿ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕಾದಿರುತ್ತದೆ, ಹಾಗಾಗಿ ಬೆಳಗ್ಗೆಯೇ ಬಕೆಟ್‌ನಲ್ಲಿ ಹಿಡಿದಿಟ್ಟು ತೊಟ್ಟಿಯ ಬಿಸಿಗೆ ಸರಿಯಾದ ಮೇಲೆ ಹಾಕಿ. ಕ್ಲೋರಿನ್ ತೆಗೆಯುವ ಹನಿ ಪ್ರತಿ ಸಲವೂ ಬೇಕು. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಕ್ಲೋರಿನ್ ತಾಗಿದರೆ ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಅಲ್ಲಿಗೇ ಹೋಗುತ್ತದೆ.

ಊಟ ದಿನಕ್ಕೆ ಒಂದು ಅಥವಾ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಮೇಲಿನವರಿಗೆ ತೇಲುವ ಊಟ, ತಳದವರಿಗೆ ಮುಳುಗುವ ಬಿಲ್ಲೆ. ಕೋರಿಡೋರಸ್ ಮಿಕ್ಕಿದ್ದು ತಿಂದುಕೊಂಡು ಇರುತ್ತದೆ ಅನ್ನುವುದು ತಪ್ಪು. ಲೈಟ್ ಆರಿಸಿದ ಮೇಲೆ ಅವುಗಳ ಬಿಲ್ಲೆ ಹಾಕಿ, ಆಗ ಡೇನಿಯೋಗಳು ಕಸಿದುಕೊಳ್ಳುವುದಿಲ್ಲ.

ಕರೆಂಟ್ ಹೋದರೆ ಮೊದಲು ಬೇಕಾದ್ದು ಗಾಳಿ. ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ, ಇಲ್ಲವೇ ಏರ್ ಪಂಪಿನ ವೈರನ್ನು ಯುಪಿಎಸ್‌ಗೆ ಕೊಡಿ. ಏನೂ ಇಲ್ಲದಿದ್ದರೆ ಲೋಟದಲ್ಲಿ ನೀರು ಎತ್ತಿ ಮೇಲಿನಿಂದ ಸುರಿಯುತ್ತಿರಿ. ಕರೆಂಟ್ ಬರುವ ತನಕ ಊಟ ಹಾಕಬೇಡಿ.

ಐದಾರು ದಿನ ಊರಿಗೆ ಹೋಗುವುದಿದ್ದರೆ ಬೆಳೆದ, ಆರೋಗ್ಯದ ಮೀನುಗಳು ಊಟವಿಲ್ಲದೆ ಇರುತ್ತವೆ. ಹೊರಡುವ ಹಿಂದಿನ ದಿನ ನೀರು ಬದಲಿಸಿ, ಲೈಟಿಗೆ ಟೈಮರ್ ಹಾಕಿ ಹೋಗಿ. ಅದಕ್ಕಿಂತ ಜಾಸ್ತಿ ದಿನವಾದರೆ ಪಕ್ಕದ ಮನೆಯವರಿಗೆ ಊಟದ ಡಬ್ಬಿ ಕೊಡಬೇಡಿ. ಪ್ರೀತಿಯಿಂದ ಜಾಸ್ತಿಯೇ ಹಾಕುತ್ತಾರೆ, ನೀರು ಕೆಡುತ್ತದೆ. ಒಂದು ಹೊತ್ತಿನ ಊಟವನ್ನು ಒಂದು ಚಿಕ್ಕ ಪೊಟ್ಟಣ ಕಟ್ಟಿ, ಮೇಲೆ ವಾರ ಬರೆಯಿರಿ: ಮಂಗಳವಾರ, ಶುಕ್ರವಾರ, ಸೋಮವಾರ. ಆ ಮೂರು ಪೊಟ್ಟಣ ಮಾತ್ರ ಅವರ ಕೈಗೆ ಕೊಟ್ಟು, ಡಬ್ಬಿಯನ್ನು ಒಳಗೆ ಎತ್ತಿಟ್ಟು ಹೊರಡಿ.